ದವಡೆ ಓರೆಯಾಗಿದೆ, ನುಂಗಲೂ ಕಷ್ಟ: ಎರಡಕ್ಕೂ ಕಾರಣ ಒಂದೇ ಇರಬಹುದೇ?

ಪ್ರಶ್ನೆ (ಆಲೂರು, ಹಾಸನ ಜಿಲ್ಲೆ)
ನಮ್ಮ ತಾಯಿಯವರಿಗೆ ಐವತ್ತಾರು ವರ್ಷ. ಕೆಲವು ತಿಂಗಳುಗಳಿಂದ ಅವರು ಬಾಯಿ ತೆರೆದಾಗ ಕೆಳದವಡೆ ಎಡಕ್ಕೆ ಓರೆಯಾಗುತ್ತಿದ್ದು, ಎಡಗಿವಿಯ ಮುಂದೆ ‘ಟಕ್’ ಎಂಬ ಸದ್ದು ಬರುತ್ತಿದೆ. ಅದೇ ಕಡೆಯ ಎರಡು ದವಡೆಹಲ್ಲುಗಳನ್ನು ಹಿಂದೆಯೇ ಕೀಳಿಸಿದ್ದು, ಮತ್ತೆ ಕಟ್ಟಿಸಿಕೊಂಡಿಲ್ಲ. ಈಚೆಗೆ ಮುದ್ದೆಯ ತುತ್ತು ಗಂಟಲಲ್ಲೇ ನಿಂತಂತಾಗಿ, ನೀರು ಕುಡಿದು ಇಳಿಸಬೇಕಾಗುತ್ತಿದೆ. ದವಡೆ ಸರಿಹೋದರೆ ನುಂಗುವುದೂ ಸರಿಹೋಗುತ್ತದೆಯೇ?

ಉತ್ತರ (ದಂತವೈದ್ಯ, ಹಾಸನ)
ಕಿವಿಯ ಮುಂದಿನ ದವಡೆ ಕೀಲಿನೊಳಗೆ ತೆಳುವಾದ ಒಂದು ಮೆತ್ತೆ ಇರುತ್ತದೆ. ಅದು ಜಾಗ ಬಿಟ್ಟು ಸರಿದರೆ ಬಾಯಿ ತೆರೆಯುವಾಗ ಸದ್ದು ಬರುತ್ತದೆ, ದವಡೆಯೂ ಸಾಮಾನ್ಯವಾಗಿ ತೊಂದರೆಯಿರುವ ಕಡೆಗೇ ವಾಲುತ್ತದೆ. ಕಿತ್ತ ಹಲ್ಲಿನ ಜಾಗ ಖಾಲಿ ಉಳಿದರೆ ಅಕ್ಕಪಕ್ಕದ ಹಲ್ಲುಗಳು ಅತ್ತ ಬಾಗಿ, ಎದುರಿನ ಹಲ್ಲು ಕೆಳಗಿಳಿದು, ಕಚ್ಚುವ ಹೊಂದಾಣಿಕೆಯೇ ಬದಲಾಗಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಎಂದೋ ಗದ್ದಕ್ಕೆ ಬಿದ್ದ ಪೆಟ್ಟು ಇವೂ ಕಾರಣವಾಗಬಹುದು.

ಆದರೆ ನುಂಗುವ ತೊಂದರೆಯನ್ನು ಇದರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ರೊಟ್ಟಿ, ಮಾಂಸ ಮಾತ್ರ ಇಳಿಯದಿದ್ದರೆ ಸರಿಯಾಗಿ ಅಗಿಯಲಾಗುತ್ತಿಲ್ಲ ಎನ್ನಬಹುದಿತ್ತು. ಮುದ್ದೆಯನ್ನು ನಾವು ಅಗಿಯುವುದೇ ಇಲ್ಲವಲ್ಲ. ಅದು ನಿಲ್ಲುತ್ತಿದೆಯೆಂದರೆ ಗಂಟಲು, ಅನ್ನನಾಳಗಳನ್ನು ಪರೀಕ್ಷಿಸಲೇಬೇಕು. ತಾಯಿಯವರು ಎಲೆಅಡಿಕೆ ಹಾಕುತ್ತಾರೆಯೇ? ಅವರದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಬಾಯೊಳಗೆ ಹಿಡಿಸುತ್ತವೆಯೇ?

ಪ್ರಶ್ನೆ ಕೇಳಿದವರು
ಎರಡೇ ಬೆರಳು ಹಿಡಿಸುತ್ತವೆ. ಮದುವೆಯಾದಾಗಿನಿಂದ ಎಲೆಅಡಿಕೆಯ ಅಭ್ಯಾಸವಿದೆ, ಹೊಗೆಸೊಪ್ಪು ಹಾಕುವುದಿಲ್ಲ. ಈಚೆಗೆ ಸಾರಿನ ಖಾರಕ್ಕೂ ಬಾಯಿ ಉರಿಯುತ್ತದೆ ಎನ್ನುತ್ತಾರೆ.

ಉತ್ತರ (ಕಿವಿ, ಮೂಗು, ಗಂಟಲು ವೈದ್ಯೆ, ಚಿಕ್ಕಮಗಳೂರು)
ಹಾಗಾದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದೆಯೇ ಎಂದು ಮೊದಲು ನೋಡಿಸಿ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಕೆನ್ನೆಯ ಒಳಪದರದಡಿ ನಾರು ಬೆಳೆದು ಬಾಯಿ ಬಿಗಿಯುತ್ತದೆ. ಒಳಗೆ ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ಕೈಗೆ ಸಿಗುತ್ತವೆ. ಬಿಗಿತ ಅಂಗುಳಿನ ಹಿಂಭಾಗಕ್ಕೂ ಗಂಟಲಿಗೂ ಹಬ್ಬಿದರೆ ನುಂಗುವುದೂ ಕಷ್ಟವಾಗುತ್ತದೆ. ಕೆಲವರಲ್ಲಿ ಇದು ಮುಂದೆ ಕ್ಯಾನ್ಸರ್‌ಗೆ ತಿರುಗುವುದರಿಂದ ಅಡಿಕೆಯನ್ನು ಇಂದೇ ನಿಲ್ಲಿಸಬೇಕು.

ಆದರೂ ಇದೊಂದೇ ಎಂದು ತೀರ್ಮಾನಿಸಬೇಡಿ. ಮೊದಲು ಗಟ್ಟಿ ಆಹಾರ, ಆಮೇಲೆ ದ್ರವವೂ ಇಳಿಯದಂತಾದರೆ ಅನ್ನನಾಳ ಕಿರಿದಾಗುತ್ತಿರಬಹುದು. ಅದಕ್ಕೆ ಎಂಡೋಸ್ಕೋಪಿ ಬೇಕು. ತೀವ್ರ ರಕ್ತಹೀನತೆಯಿರುವ ಹೆಂಗಸರಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳು ಪೊರೆ ಬೆಳೆದು ತುತ್ತು ಸಿಕ್ಕಿಕೊಳ್ಳುವುದೂ ಉಂಟು, ಹಿಮೋಗ್ಲೋಬಿನ್ ನೋಡಿಸಿ. ನೀರು ಕುಡಿದಾಗಲೇ ಕೆಮ್ಮು ಬರುವುದು, ಊಟದ ಕೊನೆಕೊನೆಗೆ ದವಡೆ ಸೋತು ರೆಪ್ಪೆ ಜೋಲುವುದು ನರ ಅಥವಾ ಸ್ನಾಯುವಿನ ತೊಂದರೆಯ ಸೂಚನೆಗಳು. ಬಾಯಿಯ ಮೂಲೆ ಹಠಾತ್ತನೆ ಸೊಟ್ಟಗಾಗಿ ಮಾತು ತೊದಲಿದರೆ ಮಾತ್ರ ಯಾವ ತಜ್ಞರನ್ನೂ ಹುಡುಕುತ್ತಾ ಕೂರದೆ ತಕ್ಷಣ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಉತ್ತರ (ಅಡಿಕೆ ಬೆಳೆಗಾರ, ತರೀಕೆರೆ)
ಅಡಿಕೆಯಿಂದಲೇ ನಮ್ಮ ಮನೆ ನಡೆಯುವುದು; ಆದರೂ ಡಾಕ್ಟರಮ್ಮನವರ ಮಾತಿಗೆ ನನ್ನ ತಕರಾರಿಲ್ಲ. ನಮ್ಮ ಅಣ್ಣನಿಗೂ ಇದೇ ರೀತಿ ಬಾಯಿ ಕಟ್ಟಿತ್ತು. ಎಣ್ಣೆ ತಿಕ್ಕಿ ದವಡೆ ಎಳೆಯುವವರ ಬಳಿ ತಾಯಿಯವರನ್ನು ಕರೆದೊಯ್ಯಬೇಡಿ. ಪರೀಕ್ಷೆ ಮುಗಿಯುವವರೆಗೆ ಮುದ್ದೆಯ ಬದಲು ತೆಳು ಗಂಜಿ, ಮೆತ್ತನೆಯ ಮೊಸರನ್ನ ಕೊಡಿ; ನೆಟ್ಟಗೆ ಕೂತು ಸಣ್ಣ ತುತ್ತಿನಲ್ಲಿ ಉಣ್ಣಲಿ.