ಖಳನಾಯಕ ಬದಲಾದ ಅಂದರೆ ಯಾರೂ ನಂಬುತ್ತಿಲ್ಲ, ಏನು ಮಾಡಲಿ?

ಅರ್ಧಹಾಳೆ:
ಮೂರು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ದುರ್ಜಯ ಅಂತ ಒಬ್ಬ ಸೇನಾಪತಿ. ಮೊದಲ ಭಾಗದಲ್ಲಿ ಒಂದು ಊರಿನ ಬಾವಿಗಳಿಗೆಲ್ಲ ಕಲ್ಲು ತುಂಬಿಸಿ, ಜನ ಬಾಯಾರಿ ಶರಣಾಗುವ ಹಾಗೆ ಮಾಡುತ್ತಾನೆ. ಮೂರನೇ ಭಾಗದಲ್ಲಿ ರಾಜ ಅವನನ್ನೇ ಹೊರಗೆ ಹಾಕುತ್ತಾನೆ. ಅಲ್ಲಿಂದ ಅವನು ಒಳ್ಳೆಯವನಾಗುತ್ತಾ ಹೋಗಿ, ಕೊನೆಯ ಯುದ್ಧದಲ್ಲಿ ನಾಯಕಿಯ ಕಡೆ ಬಂದ ಬಾಣಕ್ಕೆ ಎದೆಕೊಟ್ಟು ಸಾಯುತ್ತಾನೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಓದಿದ ಇಬ್ಬರು ಗೆಳೆಯರು ಮಾತ್ರ "ಸತ್ತನಲ್ಲ, ಒಳ್ಳೇದಾಯ್ತು" ಅಂದರು. ಎಲ್ಲಿ ಎಡವಿದ್ದೇನೆ?

ಮಸಿಕುಡಿಕೆ:
ರಾಜ ಹೊರಗೆ ಹಾಕಿದ್ದಕ್ಕೆ ಬದಲಾದ ಅಂದರೆ ಅದು ಪಶ್ಚಾತ್ತಾಪ ಅಲ್ಲ, ಕೆಲಸ ಹೋದ ಸಿಟ್ಟು. ನಾಳೆ ರಾಜ ಕರೆದು ಕತ್ತಿ ವಾಪಸ್ ಕೊಟ್ಟರೆ ಇವನು ಏನು ಮಾಡುತ್ತಾನೆ? ಆ ದೃಶ್ಯ ಬರೆದು ನೋಡಿ. ತಕ್ಷಣ ಬೇಡ ಅಂದುಬಿಟ್ಟರೂ ನಾನು ನಂಬಲ್ಲ. ಕತ್ತಿಯನ್ನು ಕೈಗೆ ತಗೊಂಡು ತೂಕ ನೋಡಬೇಕು, ಹಳೇ ಹಿಡಿತ ಹಿತ ಅನ್ನಿಸಬೇಕು, ಅದು ಹಿತ ಅನ್ನಿಸಿದ್ದಕ್ಕೇ ಅವನಿಗೆ ಹೆದರಿಕೆಯಾಗಬೇಕು.

ಇರುಳೋದುಗ:
ಮೇಲಿನವರು ಹೇಳಿದ್ದು ಸರಿ. ಆದರೆ ಪೂರ್ತಿ ಬದಲಾಗಲೇಬೇಕು ಅಂತ ಯಾಕೆ ಹಟ? ಸುಮಾರು 900 ವರ್ಷದ ಹಿಂದೆಯೇ ನಾಗಚಂದ್ರ ತನ್ನ ರಾಮಾಯಣದಲ್ಲಿ ರಾವಣನನ್ನು ಹೇಗೆ ಮಾಡಿದ್ದಾನೆ ನೋಡಿ. ಸೀತೆ ಮೂರ್ಛೆ ಹೋಗಿದ್ದನ್ನು ಕಂಡು ಅವನ ಮನಸ್ಸು ನಿಜವಾಗಿಯೇ ತಿರುಗುತ್ತದೆ, ಅವಳ ಮೇಲಿನ ಆಸೆಯೇ ಹೋಗುತ್ತದೆ. ಆದರೆ ಈಗಲೇ ವಾಪಸ್ ಕೊಟ್ಟರೆ ಹೆದರಿ ಕೊಟ್ಟ ಅಂತಾರಲ್ಲ! ಅದಕ್ಕೆ ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಆಮೇಲೆ ಒಪ್ಪಿಸೋಣ ಅಂತ ಹೊರಡುತ್ತಾನೆ. ಅಲ್ಲೇ ಸಾಯುತ್ತಾನೆ. ಮನಸ್ಸು ಬದಲಾಯಿತು, ಜಂಭ ಬಿಡಲಿಲ್ಲ. ನನಗಂತೂ ಇಂಥ ಅರೆಬರೆ ಬದಲಾವಣೆಯೇ ಜಾಸ್ತಿ ಮನುಷ್ಯರದು ಅನ್ನಿಸುತ್ತದೆ.

ಟೋಲ್ಕಿನ್‌ನ "ಲಾರ್ಡ್ ಆಫ್ ದಿ ರಿಂಗ್ಸ್" ಕಾದಂಬರಿಯಲ್ಲಿ ಉಂಗುರದ ಆಸೆಗೆ ಕೆಟ್ಟುಹೋದ ಗಾಲಮ್ ಕೂಡ ಹಾಗೇ ಅಲ್ವಾ? ಆ ಉಂಗುರ ಹೊತ್ತು ಹೊರಟ ಫ್ರೋಡೋ ಮಲಗಿದ್ದಾಗ ಅವನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ, ಅಷ್ಟರಲ್ಲಿ ಫ್ರೋಡೋನ ಜೊತೆಗಾರ ಸ್ಯಾಮ್ ಎದ್ದು ಗದರುತ್ತಾನೆ, ಆ ಗಳಿಗೆ ಮತ್ತೆ ಬರುವುದೇ ಇಲ್ಲ.

ಅರ್ಧಹಾಳೆ:
ರಾವಣನ ಮಾತು ಚೆನ್ನಾಗಿದೆ. ಆದರೆ ನನ್ನವನು ದಡ ಮುಟ್ಟಬೇಕು ಅಂತ ಆಸೆ. ಅದಕ್ಕೇ ಬಾಣ ಇಟ್ಟಿದ್ದು.

ಕಲ್ಲುಹಾದಿ:
ಬಾಣ ಬೇರೆ ಯಾರಿಗಾದರೂ ಕೊಡಿ ಮಾರಾಯ್ರೇ. ಸಾಯೋದು ಅರ್ಧ ಗಳಿಗೆಯ ಕೆಲಸ, ಸತ್ತವನನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಬದುಕಿ ಉಳಿದರೆ ಅಲ್ವಾ ಕಷ್ಟ! ಅಂಗುಲಿಮಾಲ ಭಿಕ್ಷುವಾದ ಮೇಲೆ ಊರೊಳಗೆ ಭಿಕ್ಷೆಗೆ ಹೋದರೆ ಕಲ್ಲು, ದೊಣ್ಣೆ ಬಂದು ಬೀಳುತ್ತಿದ್ದವು. ತಲೆ ಒಡೆದುಕೊಂಡು, ಪಾತ್ರೆ ಚೂರು ಮಾಡಿಕೊಂಡು, ಹರಿದ ಚೀವರದಲ್ಲಿ ವಾಪಸ್ ಬಂದಾಗ ಬುದ್ಧ ಸಹಿಸಿಕೋ ಅಂದನೇ ಹೊರತು ಆ ಜನ ಮಾಡಿದ್ದು ತಪ್ಪು ಅನ್ನಲಿಲ್ಲ. ನಿಮ್ಮ ಕಥೆಯಲ್ಲಿ ಕಲ್ಲು ಹೊಡೆಯುವವರು ಎಲ್ಲಿ? ನಾಯಕಿ ಕ್ಷಮಿಸಿದಳು, ಸರಿ. ಆದರೆ ನೀರಿಲ್ಲದೆ ಒದ್ದಾಡಿದ್ದು ಅವಳಲ್ಲವಲ್ಲ.

ಬಾವಿಯನ್ನು ನೀವೇ ಮೊದಲ ಭಾಗದಲ್ಲಿ ಇಟ್ಟು ಮರೆತಿದ್ದೀರಿ. ಅವನನ್ನು ಅಲ್ಲಿಗೇ ಕಳಿಸಿ, ಕಲ್ಲು ತೆಗೆಯಲಿ. ತುಂಬಿದ ಬಾವಿ ಒಬ್ಬನಿಂದ ಆಗುವ ಕೆಲಸ ಅಲ್ಲ. ಆಳಕ್ಕೆ ಹೋದ ಹಾಗೆ ಒಬ್ಬ ಕೆಳಗಿಳಿದು ಬುಟ್ಟಿಗೆ ಕಲ್ಲು ತುಂಬಬೇಕು, ಇನ್ನೊಬ್ಬ ಮೇಲೆ ನಿಂತು ಹಗ್ಗ ಎಳೆಯಬೇಕು. ಮೇಲಿರುವವಳು ಆ ಊರಿನ ಹೆಂಗಸು, ಬಾಯಾರಿ ಮಗುವನ್ನು ಕಳಕೊಂಡವಳು ಅಂತ ಇಟ್ಟುಕೊಳ್ಳಿ. ಬುಟ್ಟಿ ಅವನ ತಲೆಯ ಮೇಲೇ ಹಾದು ಹೋಗುತ್ತದೆ. ಅವಳು ಕೈ ಬಿಟ್ಟರೆ ಮುಗೀತು. ಅವನು ತಲೆಯೆತ್ತಿ ನೋಡದೆ ಮುಂದಿನ ಕಲ್ಲಿಗೆ ಕೈ ಹಾಕುತ್ತಾನೆ. ಅವಳು ಒಂದು ಮಾತೂ ಆಡುವುದು ಬೇಡ, ಕ್ಷಮಿಸುವುದಂತೂ ಬೇಡವೇ ಬೇಡ.

ಮಸಿಕುಡಿಕೆ:
ರಾಜನ ಕರೆ ಅವನಿಗೆ ಅಲ್ಲೇ, ಬಾವಿಯೊಳಗೆ ಇದ್ದಾಗಲೇ ಬರಲಿ. ನನ್ನ ಕತ್ತಿಗೂ ಜಾಗ ಸಿಕ್ಕಿತು.

ಅರ್ಧಹಾಳೆ:
ಈಗಷ್ಟೇ ಮೊದಲ ಭಾಗ ತೆಗೆದು ನೋಡಿದೆ. "ಊರಿನ ಬಾವಿಗಳೆಲ್ಲ" ಅಂತ ಬರೆದು ಮುಂದೆ ಹೋಗಿದ್ದೇನೆ, ಎಷ್ಟು ಬಾವಿ ಅಂತ ಎಲ್ಲೂ ಇಲ್ಲ. ಎಷ್ಟು ಜನ ಸತ್ತರು ಅಂತಲೂ ಇಲ್ಲ. ಮೊದಲು ಅದನ್ನು ಕೂತು ಲೆಕ್ಕ ಹಾಕುತ್ತೇನೆ.