ಅರ್ಧ ಸರ್ಕಾರ, ಪೂರ್ತಿ ಯಜಮಾನಿಕೆ

ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ಭಾನುವಾರ ಕಾಫಿಗೆ ಸೇರುವ ನಮ್ಮಲ್ಲಿ ಯಾರ ಹತ್ತಿರವೂ ವಿಮಾನ ಕಂಪನಿಯ ಷೇರಿಲ್ಲ. ಹಾಗಾಗಿ ಬಾಯಿಗೆ ಲಗಾಮೂ ಇರಲಿಲ್ಲ. ಮಾತು ಬಂದದ್ದು ಸರ್ಕಾರ ಪಾಲುದಾರನಾಗಿರುವ ವಿಮಾನ ಕಂಪನಿಗಳದ್ದು.

"ಸರ್ಕಾರ ದುಡ್ಡು ಹಾಕಿದ ಮೇಲೆ ಬೋರ್ಡಿನಲ್ಲಿ ಅವರ ಜನ ಕೂರಬೇಕಲ್ವಾ? ಗಲ್ಲಾ ನೋಡೋದು ಬೇಡ್ವಾ?" ಎಂದರು ಶೆಟ್ರು.

"ಗಲ್ಲಾ ನೋಡಲಿ ಶೆಟ್ರೇ. ಇವರು ನೋಡೋದು ಸೀಟು!" ಎಂದ ಆಡಿಟರ್ ರಾಯರು ಶ್ರೀಲಂಕನ್ ಏರ್‌ಲೈನ್ಸ್ ಕಥೆ ತೆಗೆದರು. ಸರ್ಕಾರದ ಜೊತೆ 1998ರಿಂದ ದುಬೈನ ವಿಮಾನ ಕಂಪನಿ ಎಮಿರೇಟ್ಸ್ ಅಲ್ಲಿ ಪಾಲುದಾರ. ಆಡಳಿತವೂ ಅವರದ್ದೇ. 2007ರ ಡಿಸೆಂಬರಿನಲ್ಲಿ ಅಧ್ಯಕ್ಷ ಮಹಿಂದ ರಾಜಪಕ್ಸ ಪರಿವಾರ ಸಮೇತ ಲಂಡನ್ನಿನಿಂದ ಹೊರಟರು. ವಿಮಾನ ಭರ್ತಿ. ಟಿಕೆಟ್ ಕೊಂಡವರನ್ನು ಇಳಿಸಲು ಆಗಲ್ಲ ಎಂದಿತು ಕಂಪನಿ. ಸಿಇಒ ಪೀಟರ್ ಹಿಲ್ ಅವರ ಕೆಲಸದ ಪರವಾನಗಿಯೇ ರದ್ದಾಯಿತು! ಮರುವರ್ಷ ಎಮಿರೇಟ್ಸ್ ಆಡಳಿತದಿಂದ ಹೊರಗೆ.

"ಬೋರ್ಡ್ ಮೀಟಿಂಗಿನ ಬಿಸ್ಕತ್ತಿನ ಖರ್ಚೂ ಉಳೀತು," ಎಂದೆ ನಾನು.

"ಯುರೋಪಿನವರು ಹಾಂಗಲ್ರಿ," ಎಂದರು ಧಾರವಾಡದ ಕುಲಕರ್ಣಿ.

ರಾಯರು ಕಾಯುತ್ತಿದ್ದದ್ದೇ ಅದಕ್ಕೆ. ಫ್ರಾನ್ಸ್ ಮತ್ತು ಡಚ್ ವಿಮಾನ ಕಂಪನಿಗಳು ಒಂದಾದ ಏರ್ ಫ್ರಾನ್ಸ್-ಕೆಎಲ್‌ಎಂನಲ್ಲಿ ಫ್ರಾನ್ಸ್ ಸರ್ಕಾರಕ್ಕೆ ಸುಮಾರು ಶೇ. 14 ಪಾಲಿತ್ತು. 2019ರ ಫೆಬ್ರವರಿಯಲ್ಲಿ ಡಚ್ ಸರ್ಕಾರದವರು ಫ್ರಾನ್ಸಿಗೆ ಸುಳಿವೂ ಕೊಡದೆ 74.4 ಕೋಟಿ ಯೂರೋ ಸುರಿದು ಹೆಚ್ಚುಕಡಿಮೆ ಅಷ್ಟೇ ಷೇರು ಕೊಂಡರು.

"ಅಂದ್ರ ಒಂದ ಮನಿಗೆ ಇಬ್ಬರು ಅತ್ತಿ!" ಎಂದರು ಕುಲಕರ್ಣಿ. ಅವರ ಯುರೋಪು ಅಲ್ಲಿಗೆ ಮುಗಿಯಿತು.

"ನಮ್ಮ ಕಂಪನಿ ಕಾಯ್ದೆ ಇದೆಯಲ್ಲ, 2013ರದ್ದು," ಎಂದು ರಾಯರು ಬೆರಳೆತ್ತಿದರು. "166ನೇ ಸೆಕ್ಷನ್. ನೇಮಿಸಿದವರು ಯಾರೇ ಇರಲಿ, ನಿರ್ದೇಶಕ ದುಡಿಯಬೇಕಾದ್ದು ಕಂಪನಿಯ ಒಳಿತಿಗೆ."

"ಸರಿ. ಆದ್ರ ಅವಗ ಪ್ರಮೋಷನ್ ಕೊಡೋರು ಯಾರ್ರಿ? ಕಂಪನಿನೋ, ಮಂತ್ರಾಲಯನೋ?" ಎಂದರು ಕುಲಕರ್ಣಿ.

ರಾಯರು ಉತ್ತರ ಕೊಡದೆ ವಡೆ ಬಾಯಿಗಿಟ್ಟರು. ನನ್ನ ಪ್ರಕಾರ ಇಡೀ ಕಾಯ್ದೆ ಬಿದ್ದದ್ದು ಅಲ್ಲೇ. ಸರ್ಕಾರ ಕಳಿಸಿದ ಅಧಿಕಾರಿ-ನಿರ್ದೇಶಕ ಮೀಟಿಂಗು ಮುಗಿಸಿ ಮರಳುವುದು ತನ್ನ ಇಲಾಖೆಗೆ. ಸೀಟು ಬೇಡಿದ ಮಂತ್ರಿಗಳೂ ಇರುವುದು ಅಲ್ಲೇ. ಬೋರ್ಡಿನಲ್ಲಿ ಕೈ ಎತ್ತುವ ಮುಂಚೆ ಯಾರ ಮುಖ ನೆನಪಾಗುತ್ತದೆ, ಹೇಳಿ?

"ನಮ್ಮ ಏರ್ ಇಂಡಿಯಾ ಹೇಗಿತ್ತು?" ಎಂದರು ಶೆಟ್ರು.

1948ರಲ್ಲಿ ಟಾಟಾದವರ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನಲ್ಲಿ ಸರ್ಕಾರ ತೆಗೆದುಕೊಂಡದ್ದು ಶೇ. 49. ಜೊತೆಗೆ, ಬೇಕೆನಿಸಿದರೆ ಇನ್ನೂ ಶೇ. 2 ಕೊಳ್ಳುವ ಹಕ್ಕು. ಸೇರಿದರೆ ಶೇ. 51, ಯಜಮಾನಿಕೆ ಕೈಗೆ. ಆ ಶೇ. 2 ನೋಡಿಯೇ ಹುಷಾರಾಗಬೇಕಿತ್ತು! 1953ರಲ್ಲಿ ಪೂರ್ತಿ ರಾಷ್ಟ್ರೀಕರಣ. 1978ರಲ್ಲಿ ಜೆ.ಆರ್.ಡಿ. ಟಾಟಾ ಅವರನ್ನೇ ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಕೊನೆಗೆ 2022ರಲ್ಲಿ ಕಂಪನಿ ಮತ್ತೆ ಟಾಟಾ ಕೈಗೇ.

"ಏರ್ ಇಂಡಿಯಾದ ನರಿಮನ್ ಪಾಯಿಂಟ್ ಕಟ್ಟಡ?"

"ಅದು ಟಾಟಾಗೆ ಹೋಗಲಿಲ್ಲ. 1,601 ಕೋಟಿಗೆ ಮಹಾರಾಷ್ಟ್ರ ಸರ್ಕಾರ ಕೊಂಡಿತು."

ಶೆಟ್ರಿಗೆ ಸಮಾಧಾನವಾಯಿತು. "ಅದೇ ಸರಿ ಬಿಡಿ. ಕಟ್ಟಡಕ್ಕಾದರೆ ಟೈಮಿಗೆ ಹೊರಡಬೇಕು ಅನ್ನೋ ಕಾಟ ಇಲ್ಲ."