ಕರೆಂಟ್ ಹೋಗಿ ಬಂದ ಮ್ಯಾಲ ಗೇಟ್‌ವೇಗೆ ನೆಟ್ ಅದ, ಮನಿ ಮೊಬೈಲ್‌ಗಳಿಗೆ ಇಲ್ಲ: ಯಾರರೆ ಹೇಳ್ರಿ

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ)

ಹಳೇ ಮಿನಿ ಪಿಸಿ ಮ್ಯಾಲ ಡೆಬಿಯನ್ (ಲಿನಕ್ಸ್) ಹಾಕಿ ಮನಿ ಗೇಟ್‌ವೇ, ಫೈರ್‌ವಾಲ್ ಮಾಡೀನಿ; ಮನಿ ನೆಟ್ ಎಲ್ಲಾ ಇದರ ಮೂಲಕ ಹೋಗ್ತದ. ಒಂದು ಪೋರ್ಟಿಗೆ ಫೈಬರ್ ಡಬ್ಬಿ, ಬ್ರಿಜ್ ಮೋಡ್‌ನಾಗ (ಅದು ಬರೀ ಸಿಗ್ನಲ್ ದಾಟಿಸ್ತದ). ಪಿಪಿಪಿಒಇ (ನೆಟ್ ಕಂಪನಿಗೆ ಲಾಗಿನ್ ಆಗೋ ಸಂಪರ್ಕ) ಈ ಪಿಸಿಯಿಂದಲೇ ಡಯಲ್ ಆಗ್ತದ, ಅದರ ಇಂಟರ್‌ಫೇಸ್ ಹೆಸರು ಪಿಪಿಪಿ0. ಇನ್ನೊಂದು ಪೋರ್ಟ್ ಮನಿ ಸ್ವಿಚ್ಚಿಗೆ, 192.168.1.0/24. ಯುಎಸ್‌ಬಿಗೆ 4ಜಿ ಡಾಂಗಲ್. ತೊಂದರಿ ಮೂರು ಅವ. ಕರೆಂಟ್ ಹೋಗಿ ಬಂದ್ರ ಗೇಟ್‌ವೇಯಿಂದ ಪಿಂಗ್ ಹೋಗ್ತದ, ಆದ್ರ ಮೊಬೈಲ್, ಟಿವಿ ಯಾವುದಕ್ಕೂ ನೆಟ್ ಇಲ್ಲ. ಎನ್‌ಎಫ್‌ಟೇಬಲ್ಸ್ (ಫೈರ್‌ವಾಲ್ ನಿಯಮಗಳ) ಫೈಲ್ ಕೈಯಿಂದ ಮತ್ತ ಲೋಡ್ ಮಾಡಿದ್ರ ಸರಿ ಆಗ್ತದ. ಎರಡನೇದು, ಕೆಲವು ಸೈಟ್ ಅರ್ಧಕ್ಕ ನಿಲ್ತಾವ. ಮೂರನೇದು, ಫೈಬರ್ ಕಡಿದಾಗ 4ಜಿಗೆ ತಾನಾಗಿ ಹೋಗಂಗಿಲ್ಲ.

ಹುಮನಾಬಾದ್‌ನಿಂದ

ಕೈಯಿಂದ ಲೋಡ್ ಮಾಡಿದ್ರ ಸರಿ ಆಗ್ತದ ಅಂದ್ರಲ್ಲ, ಅಲ್ಲೇ ಸಿಕ್ತು ನೋಡ್ರಿ. ಫೈಲಿನಾಗ ಪ್ಯಾಕೆಟ್ ಹೊರಗ ಹೋಗೋ ಇಂಟರ್‌ಫೇಸ್ ಹೇಳ್ಲಿಕ್ಕೆ ‘ಓಐಎಫ್’ ಅಂತ ಬರ್ದೀರೋ ‘ಓಐಎಫ್‌ನೇಮ್’ ಅಂತ ಬರ್ದೀರೋ? ಓಐಎಫ್ ಅಂತ ಇದ್ರ ಲೋಡ್ ಮಾಡೋ ಹೊತ್ತಿಗೇ ಇಂಟರ್‌ಫೇಸ್ ಹೆಸರು ಇಂಡೆಕ್ಸ್ ನಂಬರ್ ಆಗಿ ಬದಲಾಗ್ತದ. ಪಿಸಿ ಚಾಲೂ ಆಗುವಾಗ ಪಿಪಿಪಿ0 ಹುಟ್ಟೇ ಇರಂಗಿಲ್ಲ, ಫೈಬರ್ ಡಬ್ಬಿ ಇನ್ನೂ ಏಳ್ಲಿಕ್ಕತ್ತಿರ್ತದ. ಇಲ್ಲದ ಇಂಟರ್‌ಫೇಸಿನ ಹೆಸರು ಕಂಡ್ರ ಎನ್‌ಎಫ್‌ಟಿ ಆ ಒಂದು ಸಾಲಷ್ಟೇ ಬಿಡಂಗಿಲ್ಲ, ಇಡೀ ಫೈಲನ್ನೇ ತಳ್ಳಿಬಿಡ್ತದ. ನ್ಯಾಟ್ (ಮನಿಯೊಳಗಿನ ವಿಳಾಸ ಹೊರಗಿನ ವಿಳಾಸಕ್ಕ ಬದಲಿಸೋದು) ಇಲ್ಲ ಅಂದ್ರ ಒಳಗಿನವ್ರಿಗೆ ನೆಟ್ ಇಲ್ಲ. ಪಿಪಿಪಿ0 ವಿಳಾಸ ಗೇಟ್‌ವೇದೇ ಇರೋದ್ರಿಂದ ಅದರ ಪಿಂಗ್ ಮಾತ್ರ ಆರಾಮ ಹೋಗ್ತದ.

ನೆಟ್ ಬರದಿದ್ದದ್ದು ಸಣ್ಣ ಮಾತ್ರಿ. ಅಷ್ಟು ಹೊತ್ತು ನಿಮ್ಮ ಮನಿಗೆ ಫೈರ್‌ವಾಲೇ ಇಲ್ಲ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಸೇವೆ) ಚಾಲೂ ಇದ್ರ ಅದು ಹೊರಗಿನವ್ರಿಗೂ ತೆರೆದೇ ಇರ್ತದ.

ಎಲ್ಲಾ ಕಡೆ ಓಐಎಫ್‌ನೇಮ್, ಒಳಗ ಬರೋದಕ್ಕ ಐಐಎಫ್‌ನೇಮ್ ಅಂತ ತಿದ್ದ್ರಿ. ಇವು ಹೆಸರನ್ನ ಪ್ಯಾಕೆಟ್ ಬಂದಾಗ ಹೋಲಿಸಿ ನೋಡ್ತಾವ, ಮೊದ್ಲೇ ಇರಬೇಕಂತಿಲ್ಲ. ಇನ್ನೊಂದು ಲಾಭ: ಪಿಪಿಪಿಒಇ ಕಡಿದು ಮತ್ತ ಕೂಡಿದಾಗ ಪಿಪಿಪಿ0ಗೆ ಹೊಸ ಇಂಡೆಕ್ಸ್ ಸಿಗ್ತದ. ಹಳೇ ಓಐಎಫ್ ಸಾಲು ಪಟ್ಟಿಯೊಳಗ ಕಾಣ್ತದ, ಕೆಲಸ ಮಾಡಂಗಿಲ್ಲ. ತಿದ್ದಿದ ಮ್ಯಾಲ ಫೈಬರ್ ಡಬ್ಬಿ ಕೇಬಲ್ ಕಿತ್ತು ಪಿಸಿ ರೀಬೂಟ್ ಮಾಡಿ, ‘ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್’ ಕೊಟ್ಟು ನೋಡ್ರಿ. ನಿಯಮಗಳು ಬರಬೇಕು. ಖಾಲಿ ಬಂದ್ರ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎನ್‌ಎಫ್‌ಟೇಬಲ್ಸ್’ ಯಾವ ಸಾಲಿನಾಗ ಬಿತ್ತು ಅಂತ ಹೇಳ್ತದ.

ಶಹಾಪುರದಿಂದ

ಮೇಲಿನದು ಸರಿ ಇದೆ. ಆದರೂ ತಿದ್ದುವ ಮೊದಲು ಒಮ್ಮೆ ಪ್ಯಾಕೆಟ್ ಕಣ್ಣಾರೆ ನೋಡಿ. ಎರಡು ಟರ್ಮಿನಲ್ ತೆರೆದು, ಒಂದರಲ್ಲಿ ಒಳಗಿನ ಪೋರ್ಟ್ ಮೇಲೆ, ಇನ್ನೊಂದರಲ್ಲಿ ಪಿಪಿಪಿ0 ಮೇಲೆ ಪ್ಯಾಕೆಟ್ ತೋರಿಸುವ ‘ಟಿಸಿಪಿಡಂಪ್ -ಎನ್‌ಐ’ ಓಡಿಸಿ, ಐಸಿಎಂಪಿ (ಪಿಂಗ್ ಪ್ಯಾಕೆಟ್) ಮಾತ್ರ ಸೋಸಿ. ಮೊಬೈಲ್‌ನಿಂದ 8.8.8.8ಕ್ಕೆ ಪಿಂಗ್ ಮಾಡಿ. ಪಿಪಿಪಿ0 ಮೇಲೆ ಮೂಲ ವಿಳಾಸ 192.168.1.20 ಎಂದೇ ಕಂಡರೆ ನ್ಯಾಟ್ ಆಗಿಲ್ಲ. ಒಳಗಿನ ಪೋರ್ಟಿಗೆ ಬಂದದ್ದು ಪಿಪಿಪಿ0 ಮೇಲೆ ಕಾಣದಿದ್ದರೆ ಐಪಿ ಫಾರ್ವರ್ಡ್ (ಪ್ಯಾಕೆಟ್ ದಾಟಿಸುವ ಸೆಟ್ಟಿಂಗ್) 0 ಇದೆ, ಇಲ್ಲವೇ ಫಾರ್ವರ್ಡ್ ಚೈನ್ (ದಾಟುವ ಪ್ಯಾಕೆಟ್‌ಗಳ ನಿಯಮಪಟ್ಟಿ) ತಡೆದಿದೆ, ಇಲ್ಲವೇ ಬೇರೆ ದಾರಿ ಹಿಡಿದಿದೆ. ದಾರಿಯನ್ನು ‘ಐಪಿ ರೂಟ್ ಗೆಟ್ 8.8.8.8 ಫ್ರಮ್ 192.168.1.20 ಐಐಎಫ್’ ಎಂದು ಬರೆದು, ಮುಂದೆ ಒಳಗಿನ ಪೋರ್ಟ್ ಹೆಸರು ಕೊಟ್ಟು ಕೇಳಬಹುದು. ಬರೀ ‘ಐಪಿ ರೂಟ್ ಗೆಟ್ 8.8.8.8’ ಎಂದರೆ ಅದು ಗೇಟ್‌ವೇಯ ಸ್ವಂತ ದಾರಿ ಹೇಳುತ್ತದೆ, ಮೊಬೈಲಿನದ್ದಲ್ಲ.

ಅದೇ ಪಿಸಿಯಲ್ಲಿ ಡಾಕರ್ (ಕಂಟೇನರ್ ಓಡಿಸುವ ತಂತ್ರಾಂಶ) ಇದ್ದರೆ ಅದು ಐಪಿಟೇಬಲ್ಸ್‌ನ (ಇನ್ನೊಂದು ಫೈರ್‌ವಾಲ್ ಸಾಧನ) ಫಾರ್ವರ್ಡ್ ಪಾಲಿಸಿಯನ್ನು ‘ಡ್ರಾಪ್’ (ಬಿಸಾಡು) ಎಂದು ಮಾಡಿರಬಹುದು. ನಿಮ್ಮ ಟೇಬಲ್‌ನಲ್ಲಿ ಅಕ್ಸೆಪ್ಟ್ ಎಂದಿದ್ದರೂ ಇನ್ನೊಂದು ಟೇಬಲ್‌ನ ಡ್ರಾಪ್ ಗೆಲ್ಲುತ್ತದೆ. ಗೇಟ್‌ವೇ ಮೇಲೆ ಡಾಕರ್ ಇಡದಿರುವುದೇ ಒಳ್ಳೆಯದು.

ಕಲಬುರಗಿ, ಜೇವರ್ಗಿ ಕ್ರಾಸ್

ಎರಡನೇ ತೊಂದರಿ (ಸೈಟ್ ಅರ್ಧಕ್ಕ ನಿಲ್ಲೋದು) ಎಂಟಿಯುದು, ಅಂದ್ರ ಒಂದು ಪ್ಯಾಕೆಟ್‌ನ ಗರಿಷ್ಠ ಅಳತಿದು. ಪಿಪಿಪಿಒಇ 8 ಬೈಟ್ ತಿಂತದ, 1500 ಹೋಗಿ 1492 ಉಳೀತದ. ಸಣ್ಣ ಪ್ಯಾಕೆಟ್ ದಾಟ್ತಾವ, ದೊಡ್ಡವು ಸಿಗಬೀಳ್ತಾವ. ಅದಕ್ಕೇ ಪಿಂಗ್ ಸರಿ ಕಾಣ್ತದ. ಗೇಟ್‌ವೇಯಿಂದ ‘ಪಿಂಗ್ -ಎಂ ಡೂ -ಎಸ್ 1464 8.8.8.8’ ಕೊಡ್ರಿ. 1464ಕ್ಕ ಹೆಡರ್‌ಗಳ 28 ಬೈಟ್ ಕೂಡಿಸಿದ್ರ 1492. 1464 ಹೋಗಿ 1465 ಹೋಗ್ಲಿಲ್ಲ ಅಂದ್ರ ಲೆಕ್ಕ ಕೂಡ್ತು. ಫಾರ್ವರ್ಡ್ ಚೈನಿನಾಗ ‘ಟಿಸಿಪಿ ಫ್ಲ್ಯಾಗ್ಸ್ ಸಿನ್ ಟಿಸಿಪಿ ಆಪ್ಷನ್ ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು’ ಸಾಲು ಹಾಕ್ರಿ, ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಾಗಿನ ಡೇಟಾ ಮಿತಿ) 1452ಕ್ಕ ಇಳೀತದ. ಆದ್ರ ಇದು ‘ಸಿಟಿ ಸ್ಟೇಟ್ ಎಸ್ಟ್ಯಾಬ್ಲಿಷ್ಡ್ ಅಕ್ಸೆಪ್ಟ್’ ಸಾಲಿನ ಮ್ಯಾಲ ಇರಬೇಕು. ಕೆಳಗ ಇಟ್ರ ಆ ಕಡೆಯಿಂದ ಬರೋ ಸಿನ್-ಆಕ್ (ಸಂಪರ್ಕ ಶುರು ಮಾಡೋ ಸಿನ್‌ಗೆ ಉತ್ತರ) ಮೊದ್ಲೇ ಅಕ್ಸೆಪ್ಟ್ ಆಗಿ ಹೋಗ್ತದ, ಅರ್ಧ ಕೆಲಸ ಅಷ್ಟೇ ಆಗ್ತದ. ಮೊಬೈಲ್ ಒಂದೊಂದರಾಗ ಎಂಟಿಯು ತಿದ್ದ್ಕೋತ ಕೂಡಬ್ಯಾಡ್ರಿ.

ಬಸವಕಲ್ಯಾಣದಿಂದ

4ಜಿಗೆ ಹೋಗದಿದ್ರ ಆರ್‌ಪಿ ಫಿಲ್ಟರ್ (ಪ್ಯಾಕೆಟ್ ಸರಿ ದಾರಿಯಿಂದ ಬಂತೋ ನೋಡೋ ಕರ್ನಲ್ ಸೆಟ್ಟಿಂಗ್) ಸೊನ್ನಿ ಮಾಡ್ರಿ, ಮುಗೀತು.

ಹುಮನಾಬಾದ್‌ನಿಂದ

ಸೊನ್ನಿ ಬ್ಯಾಡ್ರಿ ಅಣ್ಣಾ, 2 ಸಾಕು (1 ಬಿಗಿ ತಪಾಸಣೆ, 2 ಸಡಿಲ). ಇದರಾಗ ‘ಆಲ್’ದು ಮತ್ತ ಆ ಇಂಟರ್‌ಫೇಸಿಂದು, ಎರಡರಾಗ ಯಾವುದು ದೊಡ್ಡದೋ ಅದೇ ನಡೀತದ. ‘ಆಲ್’ 1 ಇದ್ದಾಗ ಡಾಂಗಲ್‌ಗೆ 0 ಕೊಟ್ರ ಏನೂ ಬದಲಾಗಂಗಿಲ್ಲ, 2 ಕೊಟ್ರ ಆಗ್ತದ. 1 ಇದ್ದಾಗ ಇನ್ನೊಂದು ಮೋಸ ಅದ: ಫೈಬರ್ ಚಾಲೂ ಇರುವಾಗ ‘ಪಿಂಗ್ -ಐ’ ಕೊಟ್ಟು ಡಾಂಗಲ್ ಪರೀಕ್ಷೆ ಮಾಡಿದ್ರ, 4ಜಿ ಚಲೋ ಇದ್ರೂ ಉತ್ತರ ಬರಂಗಿಲ್ಲ. ವಾಪಸ್ ಬಂದ ಪ್ಯಾಕೆಟ್ ಪಿಪಿಪಿ0 ದಾರಿದು ಅಂತ ಕರ್ನಲ್ ಬಿಸಾಕ್ತದ.

ಶಹಾಪುರದಿಂದ

4ಜಿ ವಿಷಯಕ್ಕೆ ಬಂದರೆ, ಆರ್‌ಪಿ ಫಿಲ್ಟರ್‌ಗಿಂತ ಮೊದಲು ಮೂರು ಕಡೆ ನೋಡಿ. ಮಾಸ್ಕ್ವೆರೇಡ್ (ನ್ಯಾಟ್ ಮಾಡುವ) ಸಾಲಿನಲ್ಲಿ ಪಿಪಿಪಿ0 ಒಂದೇ ಇದ್ದರೆ ಡಾಂಗಲ್ ಹೆಸರನ್ನೂ ಸೇರಿಸಿ. ಹೊರಗಡೆ ಫೈಬರ್ ಕಡಿದರೂ ಡಬ್ಬಿಗೆ ಕರೆಂಟ್ ಇರುವ ತನಕ ಪೋರ್ಟ್ ಲಿಂಕ್ ಬೀಳುವುದಿಲ್ಲ. ಹಾಗಾಗಿ ಪಿಪಿಪಿಒಇ ಡಯಲ್ ಮಾಡುವ ಪ್ರೋಗ್ರಾಂ ಪಿಪಿಪಿಡಿಗೆ, ಆ ಕಡೆ ಉತ್ತರ ಬರುತ್ತಿದೆಯೇ ಎಂದು ನೋಡಲು ‘ಎಲ್‌ಸಿಪಿ-ಎಕೋ-ಇಂಟರ್ವಲ್ 10’, ‘ಎಲ್‌ಸಿಪಿ-ಎಕೋ-ಫೇಲ್ಯೂರ್ 3’ ಕೊಡಿ. ಸುಮಾರು ಅರ್ಧ ನಿಮಿಷದಲ್ಲಿ ಪಿಪಿಪಿ0 ಬಿದ್ದು ಅದರ ಡೀಫಾಲ್ಟ್ ದಾರಿಯೂ ಹೋಗುತ್ತದೆ, ಡಾಂಗಲ್‌ನದ್ದು ಉಳಿಯುತ್ತದೆ. ಡಾಂಗಲ್ ದಾರಿಗೆ ಮೆಟ್ರಿಕ್ 700 ಇಡಿ (ಸಂಖ್ಯೆ ಹೆಚ್ಚಿದಷ್ಟೂ ಆ ದಾರಿಗೆ ಆದ್ಯತೆ ಕಡಿಮೆ). ಮೆಟ್ರಿಕ್ ಇಲ್ಲದ ಡೀಫಾಲ್ಟ್ ದಾರಿ ಮೊದಲೇ ಕೂತಿದ್ದರೆ ಪಿಪಿಪಿಡಿ ತನ್ನದನ್ನು ಹಾಕುವುದಿಲ್ಲ, ಲಾಗ್‌ನಲ್ಲಿ ಹೇಳಿ ಸುಮ್ಮನಾಗುತ್ತದೆ. ‘ಪರ್ಸಿಸ್ಟ್’ (ಕಡಿದರೆ ಮತ್ತೆ ಡಯಲ್ ಮಾಡು) ಜೊತೆ ‘ಮ್ಯಾಕ್ಸ್‌ಫೇಲ್ 0’ ಮರೆಯಬೇಡಿ. ಅದಿಲ್ಲದಿದ್ದರೆ 10 ಸಲ ಸೋತ ಮೇಲೆ ಡಯಲ್ ಮಾಡುವುದನ್ನೇ ಬಿಡುತ್ತದೆ, ರಾತ್ರಿ ಕಡಿದ ಫೈಬರ್ ಬೆಳಿಗ್ಗೆ ಸರಿಯಾದರೂ ನೀವು 4ಜಿ ಮೇಲೇ ಇರುತ್ತೀರಿ.

ಮಾಸ್ಕ್ವೆರೇಡ್ ಬದಲು ಎಸ್‌ನ್ಯಾಟ್ (ನಿಗದಿತ ವಿಳಾಸದ ನ್ಯಾಟ್) ಬರೆದಿದ್ದರೆ ದಾರಿ ಬದಲಾದರೂ ಹಳೆಯ ಸಂಪರ್ಕಗಳು ಹಳೆಯ ವಿಳಾಸವನ್ನೇ ಹಿಡಿದಿರುತ್ತವೆ; ‘ಕಾನ್‌ಟ್ರ್ಯಾಕ್ -ಎಫ್’ ಕೊಟ್ಟು ತೆಗೆಯಬೇಕು.

ಕಲಬುರಗಿ, ಜೇವರ್ಗಿ ಕ್ರಾಸ್

ಒಂದು ಬಿಟ್ಟುಹೋಗಿತ್ತು. ಫೈಬರ್ ಡಬ್ಬಿ ಸೆಟ್ಟಿಂಗ್ ಪುಟ ನೋಡ್ಲಿಕ್ಕಂತ ಹೊರಗಿನ ಪೋರ್ಟಿಗೂ 192.168.1.ಎಕ್ಸ್ ವಿಳಾಸ ಕೊಟ್ಟೀರೇನು? ಹಂಗಿದ್ರ ‘ಐಪಿ ರೂಟ್’ನಾಗ 192.168.1.0/24 ಎರಡು ಸಲ ಕಾಣ್ತದ, ಮನಿಯೊಳಗ ಹೋಗಬೇಕಾದ ಉತ್ತರ ಫೈಬರ್ ಡಬ್ಬಿ ಕಡೆ ಹೋಗಬಹುದು. ಮನಿ ಲ್ಯಾನ್ 192.168.50.0/24ಕ್ಕ ಬದಲಿಸ್ರಿ, ಡಾಂಗಲ್ ಯಾವ ಸಬ್‌ನೆಟ್ ಕೊಡ್ತದ ಅನ್ನೋದನ್ನೂ ಆಗಲೇ ನೋಡಿಕೊಳ್ರಿ. ಮತ್ತ ಮೇ ಬಿಸಿಲಿಗೆ ಡಾಂಗಲ್ ಪಿಸಿಗೆ ಹತ್ತಿಸಿ ಇಡಬ್ಯಾಡ್ರಿ, ಒಂದು ಗೇಣು ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕ್ರಿ. ‘ಡಿಮೆಸೇಜ್’ ಕರ್ನಲ್ ಲಾಗ್‌ನಾಗ ಮ್ಯಾಲಿಂದ ಮ್ಯಾಲ ಯುಎಸ್‌ಬಿ ಡಿಸ್‌ಕನೆಕ್ಟ್ ಅಂತ ಬರ್ತಿದ್ರ ಅದು ರೂಟಿಂಗ್ ತೊಂದರಿನೇ ಅಲ್ಲ.